ನಿಲುವಂಗಿಯ ತುದಿ

ಫೆಬ್ರವರಿ 7

ಮೂರನೇ ಮಹಡಿಯಲ್ಲಿ ನೆರೆದಿರುವ ಮಹಾಜನರೇ! ಬಿಳಿ ಕೋಟಿನ ಪಂಡಿತರೇ! ಸದ್ದಾಗದ ಚಪ್ಪಲಿ ಮೆಟ್ಟಿ ಸುಳಿದಾಡುವ ನರ್ಸಮ್ಮಂದಿರೇ! ಬೆಂಚಿನ ಮೇಲೆ ಕೂತು ಕೂತು ಬೆನ್ನು ಸೆಟೆದುಕೊಂಡಿರುವ ಅಪ್ಪಂದಿರೇ, ಅಮ್ಮಂದಿರೇ! ಮತ್ತು ಕಂಬಿಯ ತೊಟ್ಟಿಲಲ್ಲಿ ಪವಡಿಸಿರುವ ನನ್ನ ಚಿಕ್ಕ ದೊರೆಯೇ! ಎಲ್ಲರೂ ಇತ್ತ ಗಮನ ಕೊಡಬೇಕು, ತಾತನ ಪ್ರವೇಶವಾಗುತ್ತಿದೆ!

ಮಗಳೇ, ಇಷ್ಟನ್ನು ಗಟ್ಟಿಯಾಗಿ ಓದಿ ಹೇಳು. ನಮ್ಮಪ್ಪ ಇರುವುದೇ ಹೀಗೆ ಎಂದು ಮೊದಲೇ ತಿಳಿಸಿಬಿಡು, ಆಮೇಲೆ ಯಾರೂ ಬೆಚ್ಚಿ ಬೀಳುವುದು ಬೇಡ.

ನಿನ್ನೆ ಅಳಿಯಂದಿರು ಫೋನ್ ಮಾಡಿದ್ದರು. ನಮ್ಮ ನಾಟಕ ಕಂಪನಿಯ ಮ್ಯಾನೇಜರು ಅದನ್ನು ನನ್ನ ಕಿವಿಗೆ ಒತ್ತಿ ಹಿಡಿದರು. 'ಮಗು' ಅಂತ ಕೇಳಿಸಿತು, 'ಆಸ್ಪತ್ರೆ, ಮೂರನೇ ಮಹಡಿ' ಅಂತ ಕೇಳಿಸಿತು, ಆಮೇಲೆ ಬರೀ ಗೊರಗೊರ. ಯುದ್ಧದ ಸೀನಿನಲ್ಲಿ ಸಿಡಿಮದ್ದಿನ ಪಕ್ಕವೇ ನಿಂತು ಜೀವಮಾನವಿಡೀ ಅಬ್ಬರಿಸಿದವನ ಕಿವಿ ಇನ್ನು ಹೇಗಿರಬೇಕು? ಅಳಿಯಂದಿರ ಧ್ವನಿಯೋ, ಲಿಫ್ಟಿನ ಬಾಗಿಲು ಮುಚ್ಚಿಕೊಂಡ ಹಾಗೆ. ಲಿಫ್ಟ್ ರಿಪೇರಿಯವರಲ್ಲವೇ, ಕಸುಬು ಗಂಟಲಿಗೂ ಇಳಿದಿದೆ! ಮೊಬೈಲಿನಲ್ಲಿ ಒತ್ತಿ ಒತ್ತಿ ಕಳಿಸುವುದು ನನ್ನ ಹೆಬ್ಬೆರಳಿಗೆ ಆಗದ ಕೆಲಸ, ಒಂದು ಅಕ್ಷರ ಮುಟ್ಟಿದರೆ ಮೂರು ಬೀಳುತ್ತವೆ. ಅದಕ್ಕೇ ಪತ್ರ ಬರಿ. ಕಂಪನಿಯ ಪೋಸ್ಟರ್ ವ್ಯಾನು ಮಂಗಳವಾರ, ಶುಕ್ರವಾರ ನಿಮ್ಮೂರಿನ ಪ್ರೆಸ್ಸಿಗೆ ಬರುತ್ತದಲ್ಲ, ಅದರ ಡ್ರೈವರನ ಕೈಗೆ ಕೊಡು. ಅವನೇ, ನಾವೆಲ್ಲ 'ಹಾರ್ನ್' ಅಂತ ಕರೆಯುವವನು. ಗೇಟಿಗೆ ಬಂದ ಅಂತ ಯಾರೂ ಹೇಳಬೇಕಾಗಿಲ್ಲ, ಇಡೀ ಬೀದಿಗೆ ಕೇಳಿಸುತ್ತದೆ.

ಏನಾಗಿದೆ ನನ್ನ ದೊರೆಗೆ? ನಾಲ್ಕು ತಿಂಗಳ ಕೂಸಿಗೆ ನೆಗಡಿ ಕೆಮ್ಮು ಬರದೆ ಇನ್ನೇನು ಬಂದೀತು! ನೀನೂ ರಚ್ಚೆ ಹಿಡಿಯುತ್ತಿದ್ದೆ. ಕಿರೀಟದ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ನಿನ್ನನ್ನು ಮಲಗಿಸಿ, ರಾಜನ ನಗು ಒಂದು ನಕ್ಕರೆ ಸಾಕು, ಅಳು ಅಲ್ಲಿಗೇ ನಿಂತು ಕಿಲಕಿಲ ಶುರುವಾಗುತ್ತಿತ್ತು. ಆ ನಗು ಇನ್ನೂ ಗಂಟಲಲ್ಲೇ ಇದೆ. ಬೇಕಾದಾಗ ಹೇಳಿ ಕಳಿಸು.

ನಿನ್ನ ಅಪ್ಪ


ಫೆಬ್ರವರಿ 11

ಅಪ್ಪಾ,

ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಲಿಲ್ಲ. ಇಲ್ಲಿ ಗಟ್ಟಿಯಾಗಿ ಏನನ್ನೂ ಮಾಡುವ ಹಾಗಿಲ್ಲ. ನರ್ಸಕ್ಕನಿಗೆ ಕೊಟ್ಟೆ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಿಮ್ಮಪ್ಪ ಬರೋ ದಿನ ಮೊದ್ಲೇ ಹೇಳ್ಬಿಡಿ, ಕಿಟಕಿ ಗಾಜೆಲ್ಲ ಬಿಗಿ ಮಾಡಿಸ್ಬೇಕು" ಅಂದರು.

ನೆಗಡಿ ಅಲ್ಲ ಅಪ್ಪಾ. ಹಾಲು ಕುಡಿಯುವಾಗ ಇವನ ನೆತ್ತಿಯೆಲ್ಲ ಬೆವರುತ್ತಿತ್ತು. ಎರಡು ಗುಟುಕು ಕುಡಿಯುವುದರೊಳಗೆ ಸುಸ್ತಾಗಿ ನಿದ್ದೆ ಹೋಗುತ್ತಿದ್ದ. ಅಳುತ್ತಲೂ ಇರಲಿಲ್ಲ. ಎಷ್ಟು ಒಳ್ಳೆಯ ಮಗು, ಒಂದು ಚೂರೂ ಕಾಟ ಕೊಡುವುದಿಲ್ಲ ಅಂತ ಪಕ್ಕದ ಮನೆಯವರ ಮುಂದೆ ಮೆರೆದಿದ್ದೆ. ಆಮೇಲೆ ಉಸಿರು ಏದುಸಿರಾಯಿತು. ಹೃದಯದ ಸ್ನಾಯು ದಪ್ಪಗಾಗಿದೆ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಯಾಕೆ ಅಂತ ಪರೀಕ್ಷೆ ಮಾಡುತ್ತಿದ್ದಾರೆ. ನೀವು ಗಾಬರಿಯಾಗಬೇಡಿ.

ಇಲ್ಲಿಯ ಲಿಫ್ಟು ಮೂರನೇ ಮಹಡಿಯಲ್ಲಿ ನಿಲ್ಲುವಾಗ ಒಮ್ಮೆ ಎತ್ತಿ ಹಾಕುತ್ತಿತ್ತು. ನಿಮ್ಮ ಅಳಿಯ ನಿನ್ನೆ ಆಸ್ಪತ್ರೆಯವರನ್ನು ಕೇಳಿಕೊಂಡು ತಾವೇ ಒಳಗಿಳಿದು ಸರಿ ಮಾಡಿದರು. "ಯಾಕ್ರೀ, ಯಾರೂ ಹೇಳಿರಲಿಲ್ಲವಲ್ಲ" ಅಂದೆ. "ಇಲ್ಲಿ ನನಗೆ ಮಾಡೋಕೆ ಬರೋದು ಇದೊಂದೇ ಕಣೇ" ಅಂದರು. ಕೈಯೆಲ್ಲ ಗ್ರೀಸು. ತೊಳೆದುಕೊಂಡು ಬಂದು ಮಗುವಿನ ಕಾಲಿನ ಹತ್ತಿರ ನಿಂತರು, ಮುಟ್ಟಲಿಲ್ಲ.

ನಿಮ್ಮ ಮಗಳು


ಫೆಬ್ರವರಿ 14

ಕೇಳಿರಿ, ಕೇಳಿರಿ, ಮೂರನೇ ಮಹಡಿಯ ಮಹಾಜನರೇ!

ದಪ್ಪ ಸ್ನಾಯು! ಮಗಳೇ, ಇದಕ್ಕೆ ಗಾಬರಿಯಾಗಬೇಡಿ ಅಂತ ಬೇರೆ ಬರೆದಿದ್ದೀಯಲ್ಲ! ನನ್ನ ತೋಳು ನೋಡಿಲ್ಲವೇ ನೀನು? ಜಟ್ಟಿಯ ಪಾರ್ಟು ಸಿಕ್ಕಾಗ ಆರು ತಿಂಗಳು ಬಸ್ಕಿ ಹೊಡೆದು, ಕಲ್ಲೆತ್ತಿ, ಈ ಸ್ನಾಯು ದಪ್ಪಗಾಗಲೆಂದು ಎಷ್ಟು ಒದ್ದಾಡಿದ್ದೆ! ಇವನು ಹುಟ್ಟುತ್ತಲೇ ಒಳಗೆ ಜಟ್ಟಿಯನ್ನು ಇಟ್ಟುಕೊಂಡು ಬಂದಿದ್ದಾನೆ. ನಿನ್ನೆ ಆಟ ಮುಗಿದ ಮೇಲೆ ಪರದೆಯ ಮುಂದೆ ನಿಂತು ಜನರಿಗೆ ಹೇಳಿಯೇಬಿಟ್ಟೆ. "ನನ್ನ ಮೊಮ್ಮಗನ ಗುಂಡಿಗೆ ನಿಮ್ಮೆಲ್ಲರ ಗುಂಡಿಗೆಗಿಂತ ಗಟ್ಟಿ!" ಅಂದೆ. ಏನು ಚಪ್ಪಾಳೆ! ನನಗೂ ಕೇಳಿಸಿತು ಅಂದರೆ ಲೆಕ್ಕ ಹಾಕು.

ಪರದೆಯ ಮುಂದೆ ಅಂದೆನಲ್ಲ, ನೆನಪಾಯಿತು. ಒಳಗೆ ಸಿಂಹಾಸನದ ಕಾಲು ಮುರಿದಿರುತ್ತಿತ್ತು, ಇಲ್ಲವೇ ರಾಣಿಯ ಸರ ಕಳೆದಿರುತ್ತಿತ್ತು. "ಹೋಗ್ರೀ, ಏನಾದ್ರೂ ಮಾತಾಡ್ತಾ ಇರಿ" ಅಂತ ನನ್ನನ್ನು ಹೊರಗೆ ದಬ್ಬುತ್ತಿದ್ದರು. ಒಳಗೆ ಏನು ನಡೆದಿದೆ ಅಂತ ತಿರುಗಿ ನೋಡುವ ಹಾಗಿಲ್ಲ, ನೋಡಿದರೆ ಜನಕ್ಕೆ ಗೊತ್ತಾಗಿಬಿಡುತ್ತದೆ. ಸೀಟಿ ಹೊಡೆದರೆ ನನ್ನ ಕಿವಿಗೆ ಬೀಳುವುದಿಲ್ಲ. ಅದಕ್ಕೆ ನೀನು, ಇಷ್ಟೆತ್ತರದವಳು, ಪರದೆಯ ಸೀಳಿನಿಂದ ಕೈ ಹಾಕಿ ನನ್ನ ನಿಲುವಂಗಿಯ ತುದಿ ಎಳೆಯುತ್ತಿದ್ದೆ. ಒಮ್ಮೆ ಎಳೆದರೆ ಸೀನು ಸಿದ್ಧ. ಎರಡು ಸಲ ಎಳೆದರೆ ಆಗುವುದಿಲ್ಲ, ಮಾತು ನಿಲ್ಲಿಸಿ ಒಳಗೆ ಬನ್ನಿ ಅಂತ. ಎರಡು ಸಲ ನೀನು ಎಂದಾದರೂ ಎಳೆದದ್ದುಂಟೇ? ನನಗಂತೂ ನೆನಪಿಲ್ಲ. ನಮ್ಮ ಕಂಪನಿಯಲ್ಲಿ ಎಷ್ಟು ಹೊತ್ತಾದರೂ ಸೀನು ಸಿದ್ಧವಾಗಿಯೇ ಆಗುತ್ತಿತ್ತು.

ಈಗಲೂ ಅಷ್ಟೇ. ಒಳಗೆ ಡಾಕ್ಟರಮ್ಮ ರಿಪೇರಿ ಮಾಡಲಿ, ಹೊರಗೆ ನಾನು ಮಾತಾಡುತ್ತಿರುತ್ತೇನೆ.

ನಿನ್ನ ಅಪ್ಪ


ಫೆಬ್ರವರಿ 18

ಅಪ್ಪಾ,

ದಯವಿಟ್ಟು ಇನ್ನು ಜನರ ಮುಂದೆ ಹೇಳಬೇಡಿ. ಆ ಚಪ್ಪಾಳೆ ನನಗೆ ಬೇಡ.

ದಪ್ಪಗಾಗುವುದು ಇಲ್ಲಿ ಬಲವಲ್ಲ. ಗೋಡೆ ದಪ್ಪವಾಗಿ ಒಳಗೆ ರಕ್ತ ತುಂಬಲು ಜಾಗವೇ ಇಲ್ಲದಂತಾಗಿದೆ. ಡಾಕ್ಟರಮ್ಮ ಕಾಗದದಲ್ಲಿ ಒಂದು ದುಂಡು ಬರೆದು ಅದರೊಳಗೆ ಸಣ್ಣ ಸಣ್ಣ ಉದ್ದಿನ ಕಾಳಿನಂಥವನ್ನು ಬರೆದರು. ಮೈಯ ಒಂದೊಂದು ಕಣದೊಳಗೂ ಅವು ನೂರಾರು ಇರುತ್ತವಂತೆ. ಮೈಟೊಕಾಂಡ್ರಿಯಾ ಅಂತ ಹೆಸರು. "ಒಲೆ ಅಂದ್ಕೊಳಮ್ಮ. ತಿಂದಿದ್ದನ್ನ ಉರಿಸಿ ಶಕ್ತಿ ಮಾಡೋದು ಇವೇ" ಅಂದರು. ಇವನ ಒಲೆಗಳು ಸರಿಯಾಗಿ ಹತ್ತಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ದುಡಿಯುವುದು ಹೃದಯ, ಅದಕ್ಕೇ ಅಲ್ಲಿ ಮೊದಲು ಕಾಣಿಸಿತಂತೆ. ವಿಟಮಿನ್ ಕೊಡುತ್ತಿದ್ದಾರೆ. "ಇದರಿಂದ ವಾಸಿಯಾಗುತ್ತಾ?" ಅಂತ ಕೇಳಿದೆ. "ಕೊಟ್ಟು ನೋಡ್ತಾ ಇದೀವಿ" ಅಂದರು. ನನ್ನ ಮುಖ ನೋಡದೆ ಅಂದರು.

ಹಾಲು ಚೀಪುವುದೂ ಅವನಿಗೆ ದೊಡ್ಡ ಕೆಲಸ. ಮೂಗಿನಿಂದ ನಳಿಕೆ ಹಾಕಿದ್ದಾರೆ. ಅಳಲೂ ಬಿಡಬಾರದು. ಅತ್ತರೆ ಇರುವ ಶಕ್ತಿಯೆಲ್ಲ ಅದರಲ್ಲೇ ಖರ್ಚಾಗಿಬಿಡುತ್ತದೆ. ಮುಖ ಸೊಟ್ಟಗೆ ಮಾಡಿದರೆ ಸಾಕು, ನಾನು ಓಡುತ್ತೇನೆ.

ಇನ್ನೊಂದು ವಿಷಯ ಇದೆ. ಆಮೇಲೆ ಬರೆಯುತ್ತೇನೆ.

ನಿಮ್ಮ ಮಗಳು


ಫೆಬ್ರವರಿ 21

ಮಗಳೇ,

ಈಗ ಅರ್ಥವಾಯಿತು. ಇದು ಜನರೇಟರಿನ ಸಮಾಚಾರ! ಒಲೆ ಅಂದರೆ ನನಗೆ ತಿಳಿಯದು, ಜನರೇಟರು ಗೊತ್ತು. ಅದು ಕೈಕೊಟ್ಟ ದಿನ ನಾವೇನು ಮಾಡುತ್ತೇವೆ? ಮೊದಲು ಗೇಟಿನ ದೀಪ ಆರಿಸು. ಆಮೇಲೆ ಟಿಕೆಟ್ ಕೌಂಟರಿನದು. ಫ್ಯಾನೆಲ್ಲ ಬಂದ್. ಜನ ಬೈದುಕೊಳ್ಳಲಿ, ಬೀಸಣಿಗೆ ಬೀಸಿಕೊಳ್ಳಲಿ. ರಾಜನ ಮುಖದ ಮೇಲಿನ ದೀಪ ಒಂದು ಉಳಿದರೆ ನಾಟಕ ಉಳಿಯಿತು. ನೀವೂ ಹಾಗೇ ಮಾಡಿ. ಚೀಪುವುದು ಬೇಡ, ಅಳುವುದು ಬೇಡ, ಕೈಕಾಲು ಆಡಿಸುವುದೂ ಬೇಡ. ನನ್ನ ದೊರೆಯ ಮುಖದ ದೀಪ ಉಳಿದರೆ ಸಾಕು.

ಡಾಕ್ಟರಮ್ಮನವರಿಗೆ ನನ್ನ ಹೆಸರಲ್ಲಿ ಇದನ್ನು ಹೇಳು: ಹೃದಯ ಬದಲಿಸುವುದಿದ್ದರೆ ನನ್ನದು ತೆಗೆದುಕೊಳ್ಳಲಿ. ಇದು ಡೈಲಾಗ್ ಅಲ್ಲ. ಅಳತೆ ಹೊಂದುವುದಿಲ್ಲ ಅಂತ ಪೇಟಿ ಮಾಸ್ತರ ಹಾರ್ಮೋನಿಯಂ ನಿಲ್ಲಿಸಿ ನಗಾಡಿದ. ನಗಲಿ. ಕತ್ತರಿಸಿ ಸಣ್ಣದು ಮಾಡಿಕೊಳ್ಳಲಿ.

ಸೋಮವಾರ ಆಟವಿಲ್ಲ. ಬಂದೇ ಬರುತ್ತೇನೆ. ನೀನು ಬೇಡವೆಂದರೂ ಬರುತ್ತೇನೆ. ಅಳು ನಿಲ್ಲಿಸುವುದೇ ಕೆಲಸವಾದರೆ ಅದಕ್ಕೆ ನನಗಿಂತ ಲಾಯಕ್ಕಾದವನು ಯಾರಿದ್ದಾನೆ!

ನಿನ್ನ ಅಪ್ಪ


ಫೆಬ್ರವರಿ 25

ಅಪ್ಪಾ,

ನಿನ್ನೆ ನೀವು ಹೇಳದೆ ಹೊರಟುಹೋದಿರಿ. ಕಾರಿಡಾರೆಲ್ಲ ಹುಡುಕಿದೆ. ನಿಮಗೆ ಹಾಕಿಸಿದ್ದ ಆಸ್ಪತ್ರೆಯ ಹಸಿರು ಗೌನು ಮೆಟ್ಟಿಲ ಮೇಲೆ ಬಿದ್ದಿತ್ತು.

ಅವನು ಮುಲುಕಿದ, ಇನ್ನೇನು ಅಳುತ್ತಾನೆ ಅಂತ ನೀವು ರಾಜನ ನಗು ನಕ್ಕಿರಿ. ಯಾಕೆ ನಕ್ಕಿರಿ ಅಂತ ನನಗೆ ಗೊತ್ತು. ಇಡೀ ವಾರ್ಡಿನಲ್ಲಿ ನನಗೊಬ್ಬಳಿಗೇ ಗೊತ್ತು. ಉಳಿದವರಿಗೆ ಹೇಗೆ ಗೊತ್ತಾಗಬೇಕು? ಅವನು ಬೆಚ್ಚಿದ್ದು, ತುಟಿ ನೀಲಿಯಾದದ್ದು, ಯಂತ್ರಗಳೆಲ್ಲ ಕೂಗಿಕೊಂಡದ್ದು, ನರ್ಸಕ್ಕ ನಿಮ್ಮ ಎದೆಗೆ ಕೈ ಕೊಟ್ಟು ಹೊರಗೆ ದಬ್ಬಿದ್ದು, ಎಲ್ಲ ಒಂದೇ ಗಳಿಗೆಯಲ್ಲಿ ಆಗಿಹೋಯಿತು. ಅವರು ಆಮೇಲೆ ಬೇಜಾರು ಮಾಡಿಕೊಂಡರು. "ವಯಸ್ಸಾದೋರನ್ನ ಹಂಗೆ ತಳ್ಳಬಾರದಿತ್ತು" ಅಂದರು.

ಡಾಕ್ಟರಮ್ಮನನ್ನು ನಿಮಗೋಸ್ಕರವೇ ಕೇಳಿದೆ. "ನಿನ್ನೆ ನಗುವಿಗೆ ಆಯ್ತು. ಇಲ್ಲಾಂದ್ರೆ ಇವತ್ತು ಬಟ್ಟೆ ಬದಲಾಯ್ಸೋವಾಗ ಆಗ್ತಿತ್ತು" ಅಂದರು.

ಈಗ ಮೊದಲಿನ ಹಾಗೇ ಇದ್ದಾನೆ. ಮುಂದಿನ ಸೋಮವಾರ ಬನ್ನಿ.

ನಿಮ್ಮ ಮಗಳು


ಫೆಬ್ರವರಿ 28

ಮಗಳಿಗೆ,

ಮೊದಲಿನ ಹಾಗೇ ಇದ್ದಾನೆಂದು ತಿಳಿದು ಸಂತೋಷವಾಯಿತು.

ಸೋಮವಾರ ಬರಲಾಗುವುದಿಲ್ಲ. ಮೆಟ್ಟಿಲಿಳಿಯುವಾಗ ಕಾಲು ಉಳುಕಿದೆ. ಮೇಲಾಗಿ ಹೊಸ ನಾಟಕದ ತಾಲೀಮು. ಮ್ಯಾನೇಜರು ಬಿಡುವುದಿಲ್ಲ ಅನ್ನುತ್ತಾರೆ. ಕಾಲು ನೆಟ್ಟಗಾದ ಮೇಲೆ ನೋಡೋಣ.

ಅಳಿಯಂದಿರ ಊಟತಿಂಡಿ ನೋಡಿಕೋ. ನೀನೂ ತಿನ್ನು.

ಅಪ್ಪ


ಮಾರ್ಚ್ 7

ಅಪ್ಪಾ,

ಮಂಗಳವಾರ ವ್ಯಾನು ಬಂತು. ನಿಮ್ಮ ಪತ್ರ ಇರಲಿಲ್ಲ. ಕಾಲು ಅಷ್ಟೊಂದು ನೋಯುತ್ತಿದೆಯೇ? ಹಾರ್ನ್ ಅಣ್ಣನನ್ನು ಕೇಳಿದರೆ, "ಕಾಲಾ? ಯಾವ ಕಾಲು?" ಅಂತ ನನ್ನನ್ನೇ ಕೇಳಿದರು. ಆಮೇಲೆ ನಾಲಿಗೆ ಕಚ್ಚಿಕೊಂಡು ಗಾಡಿ ಸ್ಟಾರ್ಟ್ ಮಾಡಿದರು. ಹಾರ್ನ್ ಮಾತ್ರ ಹೊಡೆಯಲಿಲ್ಲ.

ಕೋಪ ಬಂದಿದೆಯೇ ನಿಮಗೆ? ದಬ್ಬಿಸಿಕೊಂಡೆನಲ್ಲ ಅಂತ ಅವಮಾನವೇ? ದೊಡ್ಡ ನಟರು ನೀವು, ನಿಜ. ಆದರೆ ನನಗೆ ಇಲ್ಲಿ ಯಾರಿದ್ದಾರೆ ಅಪ್ಪಾ? ಇವರು ಈಗ ಆಸ್ಪತ್ರೆಯ ಎರಡನೇ ಲಿಫ್ಟಿಗೂ ಕೈ ಹಾಕಿದ್ದಾರೆ. ಅದಕ್ಕೆ ಏನೂ ಆಗಿರಲಿಲ್ಲ.

ಅವತ್ತು ಆಮೇಲೆ ಬರೆಯುತ್ತೇನೆ ಅಂದಿದ್ದೆನಲ್ಲ, ಬರೆಯುತ್ತೇನೆ. ಆ ಒಲೆಗಳು ಮಗುವಿಗೆ ಬರುವುದು ತಾಯಿಯಿಂದ ಮಾತ್ರವಂತೆ. ತಂದೆಯಿಂದ ಬರುವುದಿಲ್ಲ. ಅಂದರೆ ನನ್ನಿಂದ. ನನ್ನಲ್ಲಿ ಅವು ಅಷ್ಟಿಷ್ಟು ಕೆಟ್ಟಿದ್ದರೂ ನನಗೇನೂ ಆಗಲಿಲ್ಲ, ಅವನ ಪಾಲಿಗೆ ಕೆಟ್ಟವೇ ಹೆಚ್ಚು ಹೋದವು. ಇದು ಯಾರ ತಪ್ಪೂ ಅಲ್ಲ ಅಂತ ಡಾಕ್ಟರಮ್ಮ ಹೇಳಿದರು. ನರ್ಸಕ್ಕ ಹೇಳಿದರು. ನಿಮ್ಮ ಅಳಿಯ ಹೇಳಿದರು. ಎಲ್ಲರೂ ಇಷ್ಟು ಸಲ ಹೇಳಿದ ಮೇಲೆ ತಪ್ಪು ನನ್ನದೇ ಅಂತ ಗಟ್ಟಿಯಾಗಿಬಿಟ್ಟಿದೆ.

ಹೃದಯ ಬದಲಿಸುವ ಮಾತನ್ನೂ ಕೇಳಿದೆ. ನಿಮ್ಮ ಹೆಸರಲ್ಲೇ ಕೇಳಿದೆ. ಒಲೆ ಮೈಯೆಲ್ಲ ಕೆಟ್ಟಿದೆ, ಒಂದು ಹೃದಯ ತಂದಿಟ್ಟರೆ ಆಗುವುದಲ್ಲ ಅಂದರು. ನಗಲಿಲ್ಲ ಅಪ್ಪಾ ಅವರು. "ನಿಮ್ಮಪ್ಪ ದೊಡ್ಡೋರು" ಅಂದರು.

ನಿಮ್ಮ ಮಗಳು


ಮಾರ್ಚ್ 11

ಪುಟ್ಟೀ,

ನಿನ್ನಿಂದ ಬಂದದ್ದು ಅಂತ ಬರೆದಿದ್ದೀಯ. ಹಾಗಾದರೆ ನಿನಗೆ ಕೊಟ್ಟವಳು ನಿನ್ನ ಅಮ್ಮ. ಅವಳಿಗೆ ಅವಳ ಅಮ್ಮ. ಯಾರನ್ನು ಕಟಕಟೆಗೆ ನಿಲ್ಲಿಸುತ್ತೀ? ಅವರೆಲ್ಲ ನಿನ್ನ ತಲೆ ಬಾಚಿದವರು, ತುತ್ತು ಕೊಟ್ಟವರು. ಕೊಡುವಾಗ ಅವರಿಗೂ ಗೊತ್ತಿರಲಿಲ್ಲ.

ಕೋಪವಿಲ್ಲ. ಕಾಲಿಗೂ ಏನೂ ಆಗಿಲ್ಲ. ಹಾರ್ನ್ ಎಂಬ ಕತ್ತೆಯ ಬಾಯಲ್ಲಿ ಒಂದು ಗುಟ್ಟು ನಿಲ್ಲುವುದಿಲ್ಲ.

ಆ ದಿನದಿಂದ ನಾನು ಬಣ್ಣ ಹಚ್ಚಿಲ್ಲ. ಬಾಯಿ ತೆರೆದರೆ ಆ ನೀಲಿ ತುಟಿ ಕಾಣುತ್ತದೆ. ಮ್ಯಾನೇಜರು ನನಗೆ ದ್ವಾರಪಾಲಕನ ಪಾರ್ಟು ಕೊಟ್ಟಿದ್ದಾರೆ, ಈಟಿ ಹಿಡಿದು ಸುಮ್ಮನೆ ನಿಲ್ಲುವುದು. ಅದನ್ನೂ ಬೇಡವೆಂದೆ. ಗೇಟಿನಲ್ಲಿ ಟಿಕೆಟ್ ಹರಿಯುತ್ತೇನೆ.

ಅಲ್ಲಿಗೆ ಬಂದು ನಾನು ಮಾಡುವುದೇನಿದೆ, ಹೇಳು? ಅಳಿಯಂದಿರಿಗೆ ಲಿಫ್ಟಾದರೂ ಇದೆ. ನನಗೆ ಇದ್ದದ್ದು ಗಂಟಲೊಂದು.

ಅಪ್ಪ


ಮಾರ್ಚ್ 18

ಅಪ್ಪಾ,

ಮೊದಲಿನ ಹಾಗೇ ಇದ್ದಾನೆ ಅಂತ ನಾನು ಬರೆದದ್ದು ಸುಳ್ಳು. ನೀವು ಬಂದುಹೋದ ಸಂಜೆಯಿಂದ ಅವನು ಉಸಿರಾಟದ ಯಂತ್ರದಲ್ಲಿದ್ದಾನೆ. ಬರೆದಿದ್ದರೆ ನೀವು ಏನು ಮಾಡಿಕೊಳ್ಳುತ್ತಿದ್ದಿರೋ ಅಂತ ಹೆದರಿ ಬರೆಯಲಿಲ್ಲ. ಡಾಕ್ಟರಮ್ಮ ಹೇಳಿದ್ದು ಮಾತ್ರ ನಿಜ. ಯಾವುದಕ್ಕಾದರೂ ಆಗುತ್ತಿತ್ತು.

ಇವತ್ತು ಬೆಳಗ್ಗೆ ನಮ್ಮಿಬ್ಬರನ್ನೂ ಸಣ್ಣ ಕೋಣೆಗೆ ಕರೆದರು. ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಕಾಗದದ ಕರವಸ್ತ್ರದ ಡಬ್ಬಿ. ಆ ಡಬ್ಬಿ ನೋಡಿದ ಕೂಡಲೇ ತಿಳಿಯಿತು. ವಿಟಮಿನ್ ಕೆಲಸ ಮಾಡಲಿಲ್ಲ. ರಕ್ತದಲ್ಲಿ ಆಮ್ಲ ಏರುತ್ತಲೇ ಇದೆ. ಇನ್ನು ಯಂತ್ರ ಅವನನ್ನು ಉಳಿಸುತ್ತಿಲ್ಲ, ಹಿಡಿದಿಟ್ಟಿದೆ ಅಷ್ಟೇ ಅಂದರು. ಅದನ್ನು ತೆಗೆದು ಅವನನ್ನು ನಮ್ಮ ಕೈಗೆ ಕೊಡುತ್ತಾರೆ. ನೋವಾಗದ ಹಾಗೆ ನೋಡಿಕೊಳ್ಳುತ್ತಾರೆ. ನಿಮ್ಮ ಅಳಿಯ, "ಕೊಟ್ಟ ಮೇಲೆ ಎಷ್ಟು ಹೊತ್ತು?" ಅಂತ ಕೇಳಿದರು. "ಅದು ಅವನಿಗೇ ಬಿಟ್ಟಿದ್ದು" ಅಂದರು ಡಾಕ್ಟರಮ್ಮ.

ನಮ್ಮಪ್ಪ ಬರಬೇಕು, ಬಂದ ಮೇಲೆ ತೆಗೆಯಿರಿ ಅಂತ ಹೇಳಿದ್ದೇನೆ. ಕಾಯುತ್ತೇವೆ ಅಂದಿದ್ದಾರೆ.

ಹೊಟ್ಟೆಯಲ್ಲಿದ್ದಾಗ ಅವನು ನಿಮ್ಮ ತಾಲೀಮಿನಲ್ಲೇ ಇದ್ದ, ನೆನಪಿದೆಯೇ? ಏಳನೇ ತಿಂಗಳಲ್ಲಿ ನಾನು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದೆ. ನೀವು ಬಾಯಿ ತೆರೆದರೆ ಒಳಗಿನಿಂದ ಒದೆಯುತ್ತಿದ್ದ. ನನ್ನ ಧ್ವನಿಗೆ ಒದ್ದವನಲ್ಲ, ಅವನಪ್ಪನ ಧ್ವನಿಗೂ ಅಲ್ಲ. ಇನ್ನು ಶಕ್ತಿ ಉಳಿಸಿ ಯಾವುದಕ್ಕೆ ಅಪ್ಪಾ? ಯಾವ ದೀಪವನ್ನೂ ಆರಿಸಬೇಕಾಗಿಲ್ಲ. ಬಂದು ಅವನಿಗೊಂದು ಕಥೆ ಹೇಳಿ, ಮೆಲ್ಲಗೆ. ಅವನು ಬೆಚ್ಚದಷ್ಟು ಮೆಲ್ಲಗೆ.

ನಾನು ನಿಮ್ಮ ನಿಲುವಂಗಿಯ ತುದಿ ಎಳೆಯುತ್ತಿದ್ದೇನೆ. ಎರಡು ಸಲ.

ಒಳಗೆ ಬನ್ನಿ.

ನಿಮ್ಮ ಪುಟ್ಟಿ


ಮಾರ್ಚ್ 18, ಸಂಜೆ

ಪುಟ್ಟೀ,

ಈ ಪತ್ರವನ್ನು ಯಾರ ಕೈಗೂ ಕೊಡುವುದಿಲ್ಲ. ನಾನೇ ತರುತ್ತೇನೆ. ನಿನ್ನನ್ನು ನೋಡಿದಾಗ ನಾಲಿಗೆ ಹೊರಳದೆ ಹೋದರೆ ಇದನ್ನೇ ನಿನ್ನ ಕೈಗಿಡುತ್ತೇನೆ. ಜೀವಮಾನದಲ್ಲಿ ಮೊದಲ ಸಲ ಮಾತು ಮರೆತೇನು ಅಂತ ಭಯವಾಗಿದೆ.

ನಿನಗೆ ಹೇಳದೆ ಉಳಿಸಿಕೊಂಡದ್ದು ನನ್ನಲ್ಲೂ ಒಂದಿದೆ. ಟಿಕೆಟ್ ಹರಿದು, ಆಟ ಮುಗಿದ ಮೇಲೆ ದಿನವೂ ಪೇಟಿ ಮಾಸ್ತರನನ್ನು ಖಾಲಿ ಥಿಯೇಟರಿನಲ್ಲಿ ಕೂರಿಸಿಕೊಂಡು ಮೆಲ್ಲಗೆ ಮಾತಾಡುವುದನ್ನು ಕಲಿಯುತ್ತಿದ್ದೇನೆ. ಈ ಮುದುಕನಿಗೆ ಎಂಥ ಪಾಠ! ಮೊದಲ ದಿನ ಅವನು ಕೊನೆಯ ಸಾಲಿನಲ್ಲಿ ಕೂತಿದ್ದ. "ಯಜಮಾನ್ರೇ, ಇದು ಗುಟ್ಟಲ್ಲ, ಡಂಗುರ" ಅಂದ. ಆಮೇಲೆ ಒಂದೊಂದೇ ಸಾಲು ಮುಂದೆ ಬಂದ. ಕೇಳಿಸಿದರೆ ಬೆರಳೆತ್ತಬೇಕು ಅಂತ ಒಪ್ಪಂದ. ಈಗ ಅವನು ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಮಾತ್ರ ಬೆರಳೆತ್ತುತ್ತಾನೆ. ನನ್ನ ಕಷ್ಟ ಏನು ಗೊತ್ತೇ? ಅಷ್ಟು ಮೆಲ್ಲಗೆ ಆಡಿದ್ದು ನನಗೇ ಕೇಳಿಸುವುದಿಲ್ಲ. ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಅದು ಅದುರಿದರೆ ಮಾತು ಬರುತ್ತಿದೆ ಅಂತ ತಿಳಿಯಬೇಕು. ಎಂದಾದರೊಂದು ದಿನ ನನ್ನ ದೊರೆಯ ಮುಂದೆ ಕೂರುವ ಯೋಗ ಬರಬಹುದು ಅಂತಲೇ ಕಲಿತೆ. ಅವನಿಗೆ ಒಂದು ವರ್ಷ ತುಂಬಿದ ದಿನ ಅಂತ ಲೆಕ್ಕ ಹಾಕಿದ್ದೆ.

ಪರದೆಯ ಮುಂದೆ ಇಷ್ಟು ದಿನ ಕಿರುಚಿದೆನಲ್ಲ ಪುಟ್ಟೀ, ಒಳಗೆ ನೀನೊಬ್ಬಳೇ ಇದ್ದೆ. ನಾನು ತಿರುಗಿ ನೋಡಲಿಲ್ಲ. ನೋಡಬಾರದು ಅಂತ ಅಭ್ಯಾಸ.

ವ್ಯಾನು ಹೊರಡಬೇಕಾದದ್ದು ಶುಕ್ರವಾರ. ಹಾರ್ನ್ ಮ್ಯಾನೇಜರನ ಹತ್ತಿರ ಹೋಗಿ, "ನಾಳೆ ಗಾಡಿ ತಗೊಂಡು ಹೋಗ್ತೀನಿ, ಬೇಕಾದ್ರೆ ಕೆಲಸದಿಂದ ತೆಗೀರಿ" ಅಂದನಂತೆ. ಮ್ಯಾನೇಜರು ಬೀಗದಕೈ ಕೊಟ್ಟರು.

ನಾಳೆ ಬೆಳಗ್ಗೆ ಬೆಳಕು ಹರಿಯುತ್ತಿದ್ದಂತೆ ಹೊರಡುತ್ತೇನೆ. ಅಳಿಯಂದಿರು ರಿಪೇರಿ ಮಾಡಿದ ಲಿಫ್ಟಿನಲ್ಲೇ ಮೇಲೆ ಬರುತ್ತೇನೆ. ಕೈ ತೊಳೆದು, ಹಸಿರು ಗೌನು ತೊಟ್ಟು, ನೀನು ಅವನನ್ನು ಎತ್ತಿಕೊಂಡು ಕೂತಿರುವ ಕುರ್ಚಿಯ ಪಕ್ಕ ನೆಲದ ಮೇಲೆ ಕೂರುತ್ತೇನೆ. ಕಿರೀಟದ ಪೆಟ್ಟಿಗೆಯಲ್ಲಿ ಮಲಗುತ್ತಿದ್ದ ಒಂದು ಹುಡುಗಿಯ ಕಥೆ ಹೇಳುತ್ತೇನೆ, ನನಗೇ ಕೇಳದಷ್ಟು ಮೆಲ್ಲಗೆ. ಗೌನಿನ ತುದಿ ನಿನ್ನ ಕೈಯಲ್ಲಿರಲಿ. ಧ್ವನಿ ಜೋರಾದರೆ ಒಮ್ಮೆ ಎಳೆ.

ಎರಡು ಸಲ ನೀನು ಎಳೆಯುವವರೆಗೂ ಕಥೆ ನಿಲ್ಲಿಸುವುದಿಲ್ಲ.

ಅಪ್ಪ